ಸಾರಾಂಶದಲ್ಲಿ ಕಳೆದುಹೋದ ಪದ್ಯ

1934ರಲ್ಲಿ ರಾಯಚೂರಿನಲ್ಲಿ ಕನ್ನಡ ಸಾಹಿತ್ಯ ಸಮ್ಮೇಲನವು ನೆರೆದಾಗ ಅಧ್ಯಕ್ಷಪೀಠವನ್ನಲಂಕರಿಸಿದವರು ಪಂಜೆ ಮಂಗೇಶರಾಯರು. ಶಾಲೆಯಲ್ಲಿ ಪಾಠ ಹೇಳಿ, ಶಾಲೆಗಳ ತನಿಖೆಯನ್ನೂ ಮಾಡಿ, ಮಕ್ಕಳಿಗಾಗಿ ಪದ್ಯ ಬರೆದ ಮಹನೀಯರು. ಆಗ ಈ ಸೀಮೆಯು ನಿಜಾಮರ ಆಳಿಕೆಯಲ್ಲಿದ್ದಿತು. ಪ್ರೌಢ ವಿದ್ಯೆಯ ಭಾಷೆ ಬಹುಮಟ್ಟಿಗೆ ಉರ್ದು. ಕನ್ನಡವನ್ನು ಶಾಲೆಯ ಹೊಸ್ತಿಲು ದಾಟಿಸುವುದೇ ಅಂದಿನವರ ಹಂಬಲವಾಗಿದ್ದಿತು. 1948ರಲ್ಲಿ ಆ ಆಳಿಕೆ ಮುಗಿಯಿತು, 1956ರಲ್ಲಿ ರಾಯಚೂರು ಕನ್ನಡಿಗರ ರಾಜ್ಯವನ್ನು ಸೇರಿತು. ಹೊಸ್ತಿಲು ದಾಟಿದ ಕನ್ನಡವು ಒಳಗೆ ಏನು ಮಾಡುತ್ತಿದೆಯೆಂಬುದನ್ನು ವಿಚಾರಿಸುವ ಹೊಣೆ ನಮ್ಮದು.

ದೇವದುರ್ಗದ ಇಲ್ಲವೆ ಮಾನವಿಯ ಯಾವುದಾದರೊಂದು ಪ್ರೌಢಶಾಲೆಯ ಹತ್ತನೆಯ ತರಗತಿಯನ್ನು ನೆನೆಯಿರಿ. ಪದ್ಯವನ್ನು ಒಮ್ಮೆ ಓದಲಾಗುತ್ತದೆ, ಕಠಿಣ ಪದಗಳ ಅರ್ಥವನ್ನು ಹಲಗೆಯ ಮೇಲೆ ಬರೆಯಲಾಗುತ್ತದೆ, ಅನಂತರ ಸಾರಾಂಶ, ಕವಿ ಪರಿಚಯ, ಸಂದರ್ಭ, ಸ್ವಾರಸ್ಯ. ಎಲ್ಲವೂ ಗೈಡಿನಲ್ಲಿ ಸಿದ್ಧವಾಗಿಯೇ ಇರುತ್ತವೆ. ಸ್ವಾರಸ್ಯವನ್ನೂ ಬಾಯಿಪಾಠ ಮಾಡಬಹುದೆಂದು ನಮ್ಮ ಹಿರಿಯರಿಗೆ ಹೊಳೆದಿರಲಿಲ್ಲ.

ಇದಕ್ಕೆ ಶಿಕ್ಷಕರನ್ನು ದೂರುವುದು ಸುಲಭ, ಆದರೆ ನ್ಯಾಯವಲ್ಲ. ಫಲಿತಾಂಶದ ಪಟ್ಟಿಯಲ್ಲಿ ರಾಯಚೂರು ಜಿಲ್ಲೆಯು ಅನೇಕ ಸಲ ಕೆಳಗಿನ ಸಾಲಿನಲ್ಲಿಯೇ ನಿಂತಿರುವುದರಿಂದ, ಹೇಗಾದರೂ ಮಾಡಿ ಮಕ್ಕಳನ್ನು ದಡ ಹತ್ತಿಸಿರೆಂಬ ಒತ್ತಾಯ ಮೇಲಿನಿಂದ ಬರುತ್ತದೆ. ಹತ್ತಿ ಬಿಡಿಸುವ ದಿನಗಳಲ್ಲಿ ಎಷ್ಟೋ ಬಡ ಮಕ್ಕಳು ಶಾಲೆ ತಪ್ಪಿಸಿ ಹೊಲಕ್ಕೆ ಹೋಗುತ್ತಾರೆ. ‘ಸರಿಯಾಗಿ ಓದಲಾರದ ಮಕ್ಕಳಿಗೆ ಕಾವ್ಯ ವಿಮರ್ಶೆಯೆಲ್ಲಿಯದು?’ ಎಂಬ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೂ ನಾವು ಅದನ್ನು ಒಪ್ಪಲಾರೆವು. ಇದೇ ಮಕ್ಕಳು ಊರ ಭಜನೆಯಲ್ಲಿ ತತ್ವಪದ ಕೇಳಿದವರು, ಮೊಹರಮ್ಮಿನಲ್ಲಿ ಹಾಡಿನ ಸವಾಲಿಗೆ ಹಾಡಿನ ಜವಾಬು ಕೇಳಿ ತಲೆದೂಗಿದವರು. ಒಡಪನ್ನು ಬಿಡಿಸಬಲ್ಲ ಹುಡುಗಿಗೆ ರೂಪಕವನ್ನು ಬಿಡಿಸಲು ಬಾರದೆಂದು ಹೇಳಿದವರಾರು?

ಕುಮಾರವ್ಯಾಸನ ಕರ್ಣ-ಕೃಷ್ಣರ ಪ್ರಸಂಗವನ್ನೇ ತೆಗೆದುಕೊಳ್ಳೋಣ. ಕರ್ಣನು ಸ್ವಾಮಿನಿಷ್ಠನೆಂಬ ಉತ್ತರ ಎಲ್ಲ ಗೈಡುಗಳಲ್ಲಿಯೂ ಉಂಟು. ಅದನ್ನು ಬದಿಗಿಟ್ಟು, ‘ಕೃಷ್ಣನು ಇಲ್ಲಿ ಕರುಣಾಳುವೋ, ಕಠೋರನೋ? ಯಾವ ಮಾತಿನಿಂದ ತಿಳಿದಿರಿ?’ ಎಂದು ಕೇಳಿದರೆ ತರಗತಿಯು ಎರಡು ಪಕ್ಷವಾಗುತ್ತದೆ. ಎರಡೂ ಪಕ್ಷದವರು ಪದ್ಯಕ್ಕೆ ಮರಳಲೇಬೇಕಾಗುತ್ತದೆ. ಹಲಗಲಿ ಬೇಡರ ಲಾವಣಿಯಲ್ಲಿ ಹಾಡುಗಾರನು ಯಾರ ಕಡೆಯವನು, ಅದನ್ನು ಬಿಟ್ಟುಕೊಟ್ಟ ಪದ ಯಾವುದು ಎಂದು ಹುಡುಕಿಸಬಹುದು. ಕಥೆಯನ್ನು ಓದಿದಾಗ, ಕಥೆಗಾರನು ಹೇಳದೆ ಬಿಟ್ಟುದೇನು ಎಂಬ ಒಂದೇ ಪ್ರಶ್ನೆ ಗಂಟೆಯ ಪಾಠಕ್ಕೆ ಸಾಕು.

ಮಾನವಿಯ ವಿಷಯದಲ್ಲಿ ನಮಗೆ ಇನ್ನೂ ಒಂದು ಖೇದವಿದೆ. ಅಲ್ಲಿಯ ಮಕ್ಕಳು ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕಿ, ಮೂರು-ನಾಲ್ಕು ಮಾತ್ರೆಯ ಗಣಗಳನ್ನು ಎಣಿಸಿ ಅಂಕ ಗಳಿಸುತ್ತಾರೆ. ಜಗನ್ನಾಥದಾಸರು ಹರಿಕಥಾಮೃತಸಾರವನ್ನು ಬರೆದುದು ಇದೇ ಷಟ್ಪದಿಯಲ್ಲಿ. ಅವರು ಬಾಳಿದುದು ಮಾನವಿಯಲ್ಲಿ. ವಿಜಯದಾಸರ ಚೀಕಲಪರ್ವಿ ಅದೇ ತಾಲೂಕಿನದು, ಗೋಪಾಲದಾಸರ ಮೊಸರಕಲ್ಲು ದೇವದುರ್ಗದ ಕಡೆಯದು. ಯುದ್ಧವನ್ನು ಬಣ್ಣಿಸಿದ ಛಂದಸ್ಸೇ ತತ್ತ್ವವನ್ನು ಹೇಳಹೊರಟಾಗ ನಡಿಗೆ ಹೇಗೆ ಬದಲಾಯಿತೆಂದು ಎರಡನ್ನೂ ಗಟ್ಟಿಯಾಗಿ ಓದಿಸಿ ಕೇಳಿದರೆ ಲಘು-ಗುರುಗಳ ಲೆಕ್ಕಕ್ಕೆ ಜೀವ ಬರುತ್ತದೆ.

ಕೇಂಬ್ರಿಜ್ಜಿನ ಐ. ಎ. ರಿಚರ್ಡ್ಸರು ಕವಿಯ ಹೆಸರನ್ನು ಮರೆಮಾಡಿ ಪದ್ಯಗಳನ್ನು ವಿದ್ಯಾರ್ಥಿಗಳ ಕೈಗಿತ್ತು, ಅವರು ಬರೆದುದನ್ನು 1929ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಅಷ್ಟು ಕಲಿತವರೂ ಪದ್ಯದ ನೇರ ಅರ್ಥದಲ್ಲಿಯೇ ಎಡವಿದ್ದರು. ಹೀಗಿರಲು, ನಮ್ಮ ಮಕ್ಕಳು ಎಡವಿದರೆ ನಾಚಬೇಕಾದ ಕಾರಣವಿಲ್ಲ. ಎಡವುವ ಅವಕಾಶವೇ ಅವರಿಗಿಲ್ಲದಿರುವುದು ನಾಚಿಕೆಯ ಸಂಗತಿ.

ವಿದ್ಯಾ ಇಲಾಖೆಯ ಅಧಿಕಾರಿಗಳಲ್ಲಿ ನಮ್ಮ ಬಿನ್ನಹ ದೊಡ್ಡದಲ್ಲ. ಸಾರ್ವಜನಿಕ ಪರೀಕ್ಷೆಯಲ್ಲಿ ಮಕ್ಕಳು ಹಿಂದೆ ಓದಿರದ ಹತ್ತು ಸಾಲಿನ ಒಂದು ಪದ್ಯವಿರಲಿ. ಪದ್ಯದ ಮಾತಿನಿಂದ ಆಧಾರ ತೋರಿಸಿದ ಉತ್ತರವು ಮಾದರಿ ಉತ್ತರಕ್ಕೆ ಹೊಂದದಿದ್ದರೂ ಅಂಕ ದೊರೆಯಲಿ. ಅಲ್ಲಿಯವರೆಗೆ, ಶಾಲೆಯವರೇ ಪ್ರಶ್ನೆ ತೆಗೆಯುವ ಕಿರುಪರೀಕ್ಷೆಗಳಲ್ಲಿ ಶಿಕ್ಷಕರು ಇದನ್ನು ಈ ವರ್ಷವೇ ಆರಂಭಿಸಬಹುದು. ಅದಕ್ಕೆ ಬೆಂಗಳೂರಿನ ಅಪ್ಪಣೆ ಬೇಕಿಲ್ಲ.