ಹರಿವು ಒಂದು ಪೇಪರ್, ಲೋಹ ಇನ್ನೊಂದು ಪೇಪರ್!

ಕಬ್ಬಿಣದ ತಂತಿಯನ್ನು ಬರಿಗೈಯಲ್ಲಿ ಎಳೆದು ತುಂಡು ಮಾಡಲಾಗದು. ಅದೇ ತಂತಿಯನ್ನು ಒಂದೇ ಜಾಗದಲ್ಲಿ ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತಾ ಹೋದರೆ ಸ್ವಲ್ಪ ಹೊತ್ತಿಗೆ ಪಟ್ಟನೆ ಮುರಿಯುತ್ತದೆ. ಇದೇ ಲೋಹದ ದಣಿವು. ನಾವು ತರಗತಿಯಲ್ಲಿ ‘ಫಟೀಗ್’ ಎನ್ನುತ್ತೇವೆ. ಈ ಬಗ್ಗಿಸುವ ಕೆಲಸವನ್ನು ಕೈಯ ಬದಲು ಹರಿಯುವ ದ್ರವವೇ ಮಾಡಿದರೆ? ಇದಕ್ಕೆ ಉತ್ತರ ಯಾವ ಪೇಪರ್‌ನಲ್ಲಿದೆ ಎಂದು ಮೆಕ್ಯಾನಿಕಲ್ ಓದುವ ಗೆಳೆಯರನ್ನು ಕೇಳಿ ನೋಡಿ. ಹೆಚ್ಚಿನವರು ತಡವರಿಸುತ್ತಾರೆ. ಫ್ಲೂಯಿಡ್ ಮೆಕ್ಯಾನಿಕ್ಸ್ ಒಂದು ಸೆಮಿಸ್ಟರ್‌ನಲ್ಲಿ, ವೈಬ್ರೇಷನ್ ಇನ್ನೊಂದರಲ್ಲಿ, ಮೆಷಿನ್ ಡಿಸೈನ್ ಮತ್ತೊಂದರಲ್ಲಿ. ಮೂರನ್ನೂ ಪಾಸು ಮಾಡಿದವರಿಗೂ ಅವು ಒಂದೇ ಕೊಳವೆಯಲ್ಲಿ ಸಂಧಿಸುತ್ತವೆ ಎಂಬುದು ಹೊಳೆದಿರುವುದಿಲ್ಲ.

ಹೀಗೆ ಸಂಧಿಸಿದಾಗ ಏನಾಗುತ್ತದೆ ಎನ್ನುವುದಕ್ಕೆ ಜಪಾನಿನ ಮೊಂಜು ಅಣುಸ್ಥಾವರ ಸಾಕ್ಷಿ. ಬೌದ್ಧರಿಗೆ ಜ್ಞಾನದ ಪ್ರತೀಕವಾದ ಮಂಜುಶ್ರೀಯ ಹೆಸರು ಹೊತ್ತ ಈ ರಿಯಾಕ್ಟರ್ ಫುಕುಯಿ ಪ್ರಾಂತ್ಯದ ತ್ಸುರುಗಾದಲ್ಲಿದೆ. ಇದರಲ್ಲಿ ಶಾಖ ಸಾಗಿಸುತ್ತಿದ್ದುದು ನೀರಲ್ಲ, ಕರಗಿದ ಸೋಡಿಯಂ. 1995ರ ಡಿಸೆಂಬರ್ 8ರಂದು ಅಲ್ಲಿ ಸುಮಾರು 640 ಕಿಲೋ ಸೋಡಿಯಂ ಸೋರಿ, ಗಾಳಿ ತಾಗಿ ಹೊತ್ತಿಕೊಂಡಿತು. ಸೋರಿದ್ದು ಎರಡನೇ ಹಂತದ ಕೊಳವೆಯಿಂದಾದ್ದರಿಂದ ವಿಕಿರಣ ಹೊರಬೀಳಲಿಲ್ಲ, ಯಾರಿಗೂ ಪ್ರಾಣಾಪಾಯವಾಗಲಿಲ್ಲ. ಮುರಿದಿದ್ದ ಭಾಗ ಯಾವುದು ಗೊತ್ತೇ? ಉಷ್ಣತೆ ಅಳೆಯುವ ಸಾಧನವನ್ನು ಕಾಪಾಡಲು ಕೊಳವೆಯೊಳಗೆ ಚಾಚಿದ್ದ, ಬೆರಳು ಗಾತ್ರದ ಒಂದು ಉಕ್ಕಿನ ಕವಚ!

ಹರಿವಿಗೆ ಅಡ್ಡವಾಗಿ ಒಂದು ಕಡ್ಡಿ ನಿಂತರೆ ಅದರ ಹಿಂದೆ ಸುಳಿಗಳು ಏಳುತ್ತವೆ. ಹೊಳೆಯಲ್ಲಿ ನೆಟ್ಟ ಗಳುವಿನ ಹಿಂದೆ ಇದನ್ನು ಯಾರು ಬೇಕಾದರೂ ನೋಡಬಹುದು. ಸುಳಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಕಳಚಿಕೊಳ್ಳುವಾಗಲೆಲ್ಲ ಕಡ್ಡಿಯನ್ನು ಅತ್ತಿತ್ತ ತಳ್ಳುತ್ತದೆ. ಎಷ್ಟು ಸಲ? ವೇಗವನ್ನು ವ್ಯಾಸದಿಂದ ಭಾಗಿಸಿ 0.2ರಿಂದ ಗುಣಿಸಿದರೆ ಅಂದಾಜು ಸಿಗುತ್ತದೆ. 10 ಮಿಲಿಮೀಟರ್ ದಪ್ಪದ ಕಡ್ಡಿಯನ್ನು ದ್ರವ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ದಾಟಿದರೆ ಸೆಕೆಂಡಿಗೆ 100 ಸಲ. ಇಪ್ಪತ್ತೆಂಟು ಗಂಟೆಯೊಳಗೆ ಒಂದು ಕೋಟಿ ಸಲ! ಈ ಲಯ ಕಡ್ಡಿಯ ಸಹಜ ಕಂಪನಕ್ಕೆ ಹೊಂದಿಬಿಟ್ಟರೆ ಅಲುಗಾಟ ಹೆಚ್ಚುತ್ತದೆ. ಆಗ ಒಂದೇ ಏಟಿಗೆ ಮುರಿಯದ ಉಕ್ಕಿನಲ್ಲೂ ಕೂದಲೆಳೆಯಷ್ಟು ಬಿರುಕು ಹುಟ್ಟಿ ಬೆಳೆಯುತ್ತದೆ.

ಮೊಂಜುವಿನಲ್ಲಿ ತಪ್ಪಿದ್ದು ಇದಕ್ಕಿಂತ ಸೂಕ್ಷ್ಮವಾದದ್ದು. ಸುಳಿಗಳು ಎರಡೂ ಬದಿಯಿಂದ ಜೋಡಿಯಾಗಿ ಒಟ್ಟಿಗೇ ಕಳಚಿದರೆ ಕಡ್ಡಿ ಅಡ್ಡಡ್ಡ ಅಲ್ಲ, ಹರಿವಿನ ದಿಕ್ಕಿನಲ್ಲೇ ಹಿಂದೆ ಮುಂದೆ ಅಲುಗುತ್ತದೆ. ಅದೂ ಕಡಿಮೆ ವೇಗದಲ್ಲೇ. ವಿನ್ಯಾಸ ಮಾಡಿದವರ ಲೆಕ್ಕಕ್ಕೆ ಇದು ಸಿಕ್ಕಿರಲಿಲ್ಲ. ಜೊತೆಗೆ ಕವಚದ ದಪ್ಪ ಒಂದೆಡೆ ಮೆಟ್ಟಿಲಿನಂತೆ ದಿಢೀರನೆ ಕಡಿಮೆಯಾಗುತ್ತಿತ್ತು. ಒತ್ತಡ ಅಲ್ಲೇ ಮಡುಗಟ್ಟಿತು, ಅಲ್ಲೇ ಮುರಿಯಿತು. ಮೂಲೆಯಲ್ಲಿ ಒತ್ತಡ ಹೆಚ್ಚುತ್ತದೆ ಎಂಬುದು ಡಿಸೈನ್ ಓದಿದ ಎಲ್ಲರಿಗೂ ಗೊತ್ತಿರುವ ಪಾಠ. ಸುಳಿಯದು ಹರಿವಿನ ಪಾಠ. ಎರಡನ್ನೂ ಒಂದೇ ಹಾಳೆಯಲ್ಲಿಟ್ಟು ನೋಡಬೇಕಿತ್ತು.

ಆಮೇಲೆ ಸೋರಿಕೆಯ ವಿಡಿಯೊವನ್ನು ಸಂಸ್ಥೆಯವರು ಮುಚ್ಚಿಟ್ಟಿದ್ದು ಬಯಲಾಗಿ ಜನರ ನಂಬಿಕೆಯೂ ಹೋಯಿತು. ಸ್ಥಾವರ ಮತ್ತೆ ಚಾಲೂ ಆಗಿದ್ದು 2010ರ ಮೇ ತಿಂಗಳಲ್ಲಿ. ಕೆಲವೇ ತಿಂಗಳಲ್ಲಿ ಬೇರೊಂದು ಅವಘಡವಾಗಿ ನಿಂತಿತು. 2016ರಲ್ಲಿ ಅದನ್ನು ಶಾಶ್ವತವಾಗಿ ಮುಚ್ಚುವ ತೀರ್ಮಾನವಾಯಿತು. ಇಂಥ ಕವಚಗಳಿಗೆ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘ 1974ರಲ್ಲಿ ಕೊಟ್ಟಿದ್ದ ಮಾನದಂಡವನ್ನು 2010ರಲ್ಲಿ ಹೊಸದಾಗಿ ಬರೆದಾಗ, ಹರಿವಿನ ದಿಕ್ಕಿನ ಕಂಪನವೂ ಅದರಲ್ಲಿ ಸೇರಿತು.

ನಮಗೇಕೆ ಈ ಕಥೆ ಎನ್ನಬೇಡಿ. ಕೈಗಾ, ರಾಯಚೂರು, ಶರಾವತಿ, ಮಂಗಳೂರಿನ ತೈಲ ಸಂಸ್ಕರಣಾಗಾರ ಎಲ್ಲ ಕಡೆಯೂ ಇರುವುದು ಹರಿವು ಮತ್ತು ಲೋಹವೇ. ‘ಕೋರ್ ಜಾಬ್’ ಬೇಕು ಎಂದು ಹಂಬಲಿಸುವ ನಾವು ನಾಳೆ ನಿಲ್ಲಬೇಕಾದದ್ದು ಇಂಥ ಕೊಳವೆಗಳ ಮುಂದೆ. ಅಲ್ಲಿ ಪ್ರಶ್ನೆಗಳು ಯೂನಿಟ್ ಒಂದು, ಯೂನಿಟ್ ಎರಡು ಎಂದು ವಿಂಗಡಿಸಿಕೊಂಡು ಬರುವುದಿಲ್ಲ.

ಸಿಲಬಸ್ ಈಗಲೇ ಭಾರವಾಗಿದೆ, ಇನ್ನೊಂದು ವಿಷಯ ಸೇರಿಸಲು ಜಾಗವೆಲ್ಲಿ ಎಂದು ಅಧ್ಯಾಪಕರು ಕೇಳಬಹುದು. ಹೊಸ ಪೇಪರ್ ಬೇಡವೇ ಬೇಡ. ಸೆಮಿಸ್ಟರ್‌ಗೊಂದು ಅಪಘಾತದ ತನಿಖಾ ವರದಿಯನ್ನು ತರಗತಿಯಲ್ಲಿ ಓದಿಸಲಿ. ಹರಿವು ಕಲಿಸುವವರೂ ಡಿಸೈನ್ ಕಲಿಸುವವರೂ ಆ ಒಂದು ಗಂಟೆ ಜೊತೆಗೆ ನಿಲ್ಲಲಿ. ಅಂತಿಮ ವರ್ಷದ ಪ್ರಾಜೆಕ್ಟನ್ನು ಹಣ ಕೊಟ್ಟು ತರುವವರೂ ಇದ್ದಾರೆ. ಅದರ ಬದಲು ಲ್ಯಾಬಿನ ನೀರಿನ ಕಾಲುವೆಯಲ್ಲಿ ಒಂದು ತೆಳು ಕಡ್ಡಿ ನಿಲ್ಲಿಸಿ, ಹರಿವಿನ ವೇಗ ಬದಲಿಸುತ್ತಾ ಅದರ ಕಂಪನ ಅಳೆಯಬಹುದು. ಖರ್ಚು ಕಡಿಮೆ. ಇಂಟರ್‌ವ್ಯೂನಲ್ಲಿ ‘ನೀವೇನು ಮಾಡಿದ್ದೀರಿ’ ಎಂದು ಕೇಳಿದಾಗ ಹೇಳಲು ನಮ್ಮದೇ ಉತ್ತರವೂ ಇರುತ್ತದೆ.