ಉದ್ಯಮಬಾಗಕ್ಕೊಂದು ಹತ್ತುವ ಗೋಡೆ

ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ಯೂರೇ ಎಂಬ ಊರಿದೆ. ಸಾವಿರ ಜನವೂ ಇಲ್ಲದ ಬೆಟ್ಟದೂರು. ಒಂದು ಕಾಲದಲ್ಲಿ ಬೆಳ್ಳಿ, ಚಿನ್ನದ ಗಣಿಗಳಿಂದ ಗಿಜಿಗುಡುತ್ತಿದ್ದದ್ದು, ಗಣಿಗಳ ಅಬ್ಬರ ಇಳಿದ ಮೇಲೆ ಚಳಿಗಾಲ ಬಂತೆಂದರೆ ಬಾಗಿಲು ಹಾಕಿಕೊಂಡು ಕೂರುತ್ತಿತ್ತು. ಊರಂಚಿನ ಕಮರಿಯ ನೆತ್ತಿಯಲ್ಲಿ ಜಲವಿದ್ಯುತ್ ಸ್ಥಾವರಕ್ಕೆ ನೀರೊಯ್ಯುವ ಹಳೆಯ ಕೊಳವೆ ಹಾದುಹೋಗುತ್ತದೆ. ಅದು ಸೋರುತ್ತಿತ್ತು. ಸೋರಿದ ನೀರು ಬಂಡೆಯ ಮೈಮೇಲೆ ಇಳಿದು ಹೆಪ್ಪುಗಟ್ಟಿ ಕಂಬ ಕಂಬವಾಗಿ ನಿಲ್ಲುತ್ತಿತ್ತು. ಹತ್ತುವ ಹುಚ್ಚಿನವರು ಅದನ್ನೇ ಹತ್ತತೊಡಗಿದರು. 1990ರ ದಶಕದ ನಡುವೆ ಊರಿನ ಕೆಲವರು ಸ್ಥಾವರದ ಮಾಲೀಕರನ್ನು ಒಪ್ಪಿಸಿ, ಕಮರಿಯಗುಂಟ ಪೈಪು ಎಳೆದು, ಅಲ್ಲಲ್ಲಿ ನಲ್ಲಿ ಕೂಡಿಸಿ, ಚಳಿಯ ರಾತ್ರಿಗಳಲ್ಲಿ ನೀರು ಬಿಟ್ಟರು. ಸೋರಿಕೆ ಉದ್ಯಾನವಾಯಿತು. 1996ರಿಂದ ಅಲ್ಲಿ ಪ್ರತಿ ಜನವರಿ ಮಂಜುಗಡ್ಡೆ ಹತ್ತುವವರ ಜಾತ್ರೆ ಸೇರುತ್ತದೆ. ಉದ್ಯಾನವನ್ನು ನಡೆಸುವುದು ಸ್ಥಳೀಯರದೇ ಲಾಭರಹಿತ ಸಂಸ್ಥೆ.

ಈ ಕಥೆ ಕೇಳಿದ ಕೂಡಲೇ ನಮ್ಮ ಬೆಳಗಾವಿಯಲ್ಲಿ ಯಾರಾದರೊಬ್ಬರು ‘ಪಕ್ಕದ ಖಾನಾಪುರದ ಕಡೆಗೂ ಇಂಥದೊಂದು ಆಗಲಿ, ಪ್ರವಾಸೋದ್ಯಮ ಬೆಳೆಯುತ್ತದೆ’ ಎನ್ನುವುದು ಖಂಡಿತ. ಆ ಲೆಕ್ಕವನ್ನು ಮೊದಲೇ ಮುಗಿಸಿಬಿಡುವುದು ಒಳ್ಳೆಯದು. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್ ರಾತ್ರಿಯಲ್ಲೂ ನೀರು ಹೆಪ್ಪುಗಟ್ಟುವ ಮಾತಿಲ್ಲ. ಇನ್ನು ಯಂತ್ರದಿಂದ ಮಾಡುವುದಾದರೆ, 10 ಮೀಟರ್ ಎತ್ತರ, 5 ಮೀಟರ್ ಅಗಲ, ಅರ್ಧ ಮೀಟರ್ ದಪ್ಪದ ಒಂದು ಮಂಜಿನ ಗೋಡೆಗೆ ಸುಮಾರು 23 ಟನ್ ನೀರು ಬೇಕು. 25 ಡಿಗ್ರಿಯ ಅಷ್ಟು ನೀರನ್ನು ಗಟ್ಟಿಮಾಡಲು ಅದರಿಂದ ಹೊರತೆಗೆಯಬೇಕಾದ ಶಾಖವೇ 2800 ಯೂನಿಟ್ ವಿದ್ಯುತ್ತಿಗೆ ಸಮ. ಒಳ್ಳೆಯ ಶೈತ್ಯಯಂತ್ರ ಅದನ್ನು ಸಾವಿರ ಯೂನಿಟ್ಟಿನ ಆಸುಪಾಸಿನಲ್ಲಿ ಮುಗಿಸೀತು ಎಂದುಕೊಳ್ಳೋಣ. ಆದರೆ ಅದು ಗೋಡೆ ಕಟ್ಟುವ ಖರ್ಚಷ್ಟೇ. ಏಪ್ರಿಲ್ ಬಿಸಿಲಿನಲ್ಲಿ ಅದು ಕರಗದಂತೆ ಹಗಲೂ ರಾತ್ರಿ ಕಾಯುವ ಖರ್ಚು ಬೇರೆ. ಮಂಜು ಬೇಡ. ಯೂರೇಯಿಂದ ತರಬೇಕಾದದ್ದು ಮಂಜನ್ನಲ್ಲ, ಊರಲ್ಲಿ ಬಿದ್ದಿರುವುದನ್ನೇ ಗೋಡೆ ಮಾಡಿಕೊಂಡ ಆ ಬುದ್ಧಿಯನ್ನು.

ಬೆಳಗಾವಿಗೆ ಅಂಥ ಗೋಡೆ ಯಾಕೆ ಬೇಕು ಎನ್ನುವುದಕ್ಕೆ ಉತ್ತರ ಖಾನಾಪುರದ ಕಾಡಿನಲ್ಲಿದೆ. ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುತ್ತಾಳೆ, ದೇಗಾಂವದ ಬಳಿ ಮಹದಾಯಿ. ಜಾಂಬೋಟಿ ದಾಟಿದರೆ ಚೋರ್ಲಾ ಘಾಟಿನವರೆಗೆ ಮಳೆಯದೇ ರಾಜ್ಯ. ಜುಲೈ ಬಂತೆಂದರೆ ಶನಿವಾರ, ಭಾನುವಾರ ಬೈಕುಗಳ ಸಾಲು ಆ ಕಡೆಗೇ ಹೊರಡುತ್ತದೆ. ಕಾಲೇಜು ಹುಡುಗರು, ಫೌಂಡ್ರಿಗೆ ವಾರದ ರಜೆ ಹಾಕಿದ ಕೆಲಸಗಾರರು, ಆಚೆ ಗೋವಾದಿಂದ ಬಂದವರು. ಚಿಕಲೆ, ವಜ್ರಪೋಹಾ ಹೀಗೆ ಹೆಸರು ಕೇಳಿದ ಜಲಪಾತವನ್ನೆಲ್ಲ ಹುಡುಕಿಕೊಂಡು, ಪಾಚಿಗಟ್ಟಿದ ಬಂಡೆಯ ಮೇಲೆ ಚಪ್ಪಲಿಗಾಲಲ್ಲೇ ಇಳಿಯುತ್ತಾರೆ. 2022ರ ನವೆಂಬರ್‌ನಲ್ಲಿ ಗಡಿಯಾಚೆಯ ಕಿತವಾಡ ಜಲಪಾತದಲ್ಲಿ ಬೆಳಗಾವಿಯ ನಾಲ್ವರು ಯುವತಿಯರು ನೀರುಪಾಲಾದರು. ಇತ್ತೀಚಿನ ಮಳೆಗಾಲಗಳಲ್ಲಿ ಅರಣ್ಯ ಇಲಾಖೆ ಖಾನಾಪುರದ ಜಲಪಾತಗಳಿಗೆ ಪ್ರವೇಶ ನಿಷೇಧಿಸಿ ದಾರಿಗಡ್ಡ ನಿಂತಿದೆ. ನಿಲ್ಲಲೇಬೇಕು. ಭೀಮಗಡ 2011ರಲ್ಲಿ ವನ್ಯಜೀವಿ ಧಾಮವಾಗಿದೆ; ಅಲ್ಲಿನ ಬಾರಾಪೆಡೆ ಗುಹೆಗಳಲ್ಲಿರುವ ರಾಟನ್ ಬಾವಲಿ ಜಗತ್ತಿನಲ್ಲಿ ಬೆರಳೆಣಿಕೆಯ ಜಾಗಗಳಲ್ಲಷ್ಟೇ ಕಂಡಿರುವ ಜೀವಿ. ಆ ಕಾಡಿನಲ್ಲಿ ಗಾಜಿನ ಸೇತುವೆ, ರೋಪ್‌ವೇ ಎಂದು ಕನಸು ಕಾಣುವವರು ದಯವಿಟ್ಟು ಬೇರೆ ಕಡೆ ಹೋಗಿ ಕನಸು ಕಾಣಲಿ.

ಆದರೆ ‘ಹೋಗಬೇಡಿ’ ಎಂದರೆ ಅರ್ಧ ಕೆಲಸ ಮಾತ್ರ ಆದಂತೆ. ಇಪ್ಪತ್ತರ ಹುಡುಗನ ಕೈಕಾಲಿಗೆ ಏನೋ ಮಾಡಬೇಕೆನ್ನಿಸುತ್ತದೆ. ‘ಇಲ್ಲಿಗೆ ಬಾ’ ಎನ್ನುವ ಜಾಗವನ್ನು ಊರು ಇನ್ನೂ ತೋರಿಸಿಲ್ಲ.

ಹೊರಗಿನ ಬಂಡೆಗಳನ್ನೇ ಬಳಸಬಹುದಲ್ಲ ಎಂಬ ಮಾತು ಬರುತ್ತದೆ. ಇದೇ ರಾಜ್ಯದಲ್ಲಿ ಬಾದಾಮಿ ಇದೆ. ಅಲ್ಲಿನ ಕೆಂಪು ಮರಳುಗಲ್ಲು ದೇಶದ ಬಂಡೆ ಹತ್ತುವವರಿಗೆಲ್ಲ ಗೊತ್ತು. ಬಂಡೆಗೆ ಬೋಲ್ಟು ಹೊಡೆದ ದಾರಿಗಳಿವೆ, ರಾಜ್ಯದ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿಯ ತರಬೇತಿಯೂ ನಡೆಯುತ್ತದೆ. ಬೆಳಗಾವಿ ಜಿಲ್ಲೆಯಲ್ಲೂ ಗೋಕಾಕದ ಕಡೆ ಅಂಥ ಗಟ್ಟಿ ಕಲ್ಲಿದೆ. ಆದರೆ ಬೆಳಗಾವಿ–ಖಾನಾಪುರದ ಸುತ್ತ ಕೈಗೆ ಸಿಗುವುದು ಬಹಳಮಟ್ಟಿಗೆ ಜಾಂಬಾ ಕಲ್ಲು, ಅಂದರೆ ಜಂಬಿಟ್ಟಿಗೆ. ಮನೆ ಕಟ್ಟಲು ಹೇಳಿ ಮಾಡಿಸಿದ ಕಲ್ಲು. ಬೋಲ್ಟು ಹೊಡೆದು ಮನುಷ್ಯನ ಭಾರ ನೇತುಹಾಕಲು ನಂಬುವಂಥದ್ದಲ್ಲ. ರಂಧ್ರ ರಂಧ್ರವಾದ ಮೈ, ಮಳೆಗೆ ಪುಡಿಯುದುರುತ್ತದೆ. ಹಾಗಾಗಿ ಇಲ್ಲಿಗೆ ಒಪ್ಪುವುದು ಮನುಷ್ಯ ಕಟ್ಟಿದ ಗೋಡೆಯೇ.

ಅದನ್ನು ಕಟ್ಟುವ ಕೈಗಳು ಖಾನಾಪುರ ರಸ್ತೆಯಲ್ಲೇ ಇವೆ. ಬೆಳಗಾವಿಯ ಕೈಗಾರಿಕಾ ವಸಾಹತಾದ ಉದ್ಯಮಬಾಗದ ಯಾವುದಾದರೂ ಫೌಂಡ್ರಿಯೊಳಗೆ ಹೋದರೆ ಮೊದಲು ಕಾಣುವುದು ಕಪ್ಪು ಮರಳು. ಮರದ ಅಥವಾ ಅಲ್ಯುಮಿನಿಯಮ್ಮಿನ ಪ್ಯಾಟರ್ನನ್ನು ಪೆಟ್ಟಿಗೆಯಲ್ಲಿಟ್ಟು, ಸುತ್ತ ಮರಳು ತುಂಬಿ ದಮ್ಮಸು ಹಾಕಿ, ಪ್ಯಾಟರ್ನನ್ನು ಎಳೆದುಕೊಂಡರೆ ಅದರ ಪಡಿಯಚ್ಚು ಮರಳಿನಲ್ಲಿ ಉಳಿಯುತ್ತದೆ. ಅದಕ್ಕೆ 1300 ಡಿಗ್ರಿ ದಾಟಿದ ಕಬ್ಬಿಣದ ರಸ ಸುರಿಯುತ್ತಾರೆ. ಆರಿದ ಮೇಲೆ ಮರಳು ಒಡೆದು, ಅಂಚಿನ ಹೆಚ್ಚುವರಿ ಲೋಹವನ್ನು ಗ್ರೈಂಡರ್ ಹಿಡಿದು ತೆಗೆಯುತ್ತಾರೆ. ವಾಹನಗಳ, ಪಂಪುಗಳ ಬಿಡಿಭಾಗಗಳು ಹೀಗೆ ಎರಕಗೊಂಡು ದೇಶದುದ್ದಕ್ಕೂ ಹೋಗುತ್ತವೆ.

ಈಗ ಹತ್ತುವ ಗೋಡೆಯ ಬಣ್ಣದ ಹಿಡಿಕೆಗಳನ್ನು ನೋಡಿ. ಫೋಮ್ ಕೊರೆದು ಒಂದು ಪ್ಯಾಟರ್ನ್ ಮಾಡುತ್ತಾರೆ, ಸಿಲಿಕೋನ್ ಸುರಿದು ಅದರ ಅಚ್ಚು ತೆಗೆಯುತ್ತಾರೆ, ಅಚ್ಚಿಗೆ ಪಾಲಿಯುರಿಥೇನ್ ರಾಳ ಎರೆಯುತ್ತಾರೆ. ರಸ ಬೇರೆ, ಕಸುಬು ಅದೇ. ಮೂವತ್ತು ವರ್ಷ ಪ್ಯಾಟರ್ನ್ ಕೆತ್ತಿದ ಉದ್ಯಮಬಾಗದ ಮೇಸ್ತ್ರಿಗೆ ಬೆರಳು ಎಲ್ಲಿ ಕೂರಬೇಕು, ಅಂಚು ಎಷ್ಟು ದುಂಡಗಿರಬೇಕು ಎಂದು ಒಮ್ಮೆ ತೋರಿಸಿದರೆ ಸಾಕು. ಹಿಡಿಕೆ ಗೋಡೆಗೆ ಕೂರುವುದು ಒಂದು ಎಂ-10 ಬೋಲ್ಟಿನಿಂದ. ಪ್ಲೈವುಡ್ಡಿನ ಹಿಂಬದಿಗೆ ಒಂದು ಟಿ-ನಟ್. ಇನ್ನುಳಿದದ್ದು ಕಬ್ಬಿಣದ ಚೌಕಟ್ಟು. ಪಕ್ಕದಲ್ಲೇ ಗೋಗಟೆ ತಾಂತ್ರಿಕ ಮಹಾವಿದ್ಯಾಲಯವಿದೆ. ಚೌಕಟ್ಟಿನ ಭಾರದ ಲೆಕ್ಕ ಹಾಕುವುದು ಅಲ್ಲಿನ ಮೆಕ್ಯಾನಿಕಲ್, ಸಿವಿಲ್ ವಿದ್ಯಾರ್ಥಿಗಳಿಗೆ ಅಂತಿಮ ವರ್ಷದ ಪ್ರಾಜೆಕ್ಟಿಗೆ ಹೇಳಿ ಮಾಡಿಸಿದ ಕೆಲಸ. ಎಲ್ಲೋ ದುಡ್ಡು ಕೊಟ್ಟು ತಂದ ಪ್ರಾಜೆಕ್ಟ್ ರಿಪೋರ್ಟಿಗಿಂತ ಮೇಲು.

ಆದರೆ ಹಗ್ಗ, ಹಾರ್ನೆಸ್, ಕ್ಯಾರಬೀನರ್‌ಗಳ ವಿಷಯದಲ್ಲಿ ಈ ಹುಮ್ಮಸ್ಸು ನಡೆಯದು. ಪ್ರಾಣ ನೇತಾಡುವ ಸಾಮಾನು ಪ್ರಮಾಣೀಕೃತವಾಗಿಯೇ ಬರಬೇಕು. ಒಂದು ಸಾಮಾನ್ಯ ಮಾದರಿಯ ಕ್ಯಾರಬೀನರ್ ಉದ್ದಕ್ಕೆ ಕನಿಷ್ಠ 20 ಕಿಲೋನ್ಯೂಟನ್, ಅಂದರೆ ಸುಮಾರು ಎರಡು ಟನ್ ಎಳೆತ ತಾಳಬೇಕೆಂದು ಅಂತರರಾಷ್ಟ್ರೀಯ ನಿಯಮವಿದೆ. ಸಿಯಾಚಿನ್‌ನಂಥ ಕಡೆ ಕಾಯುವ ನಮ್ಮ ಸೈನಿಕರ ಪರ್ವತ ಸಲಕರಣೆಗಾಗಿ ದೇಶ ಬಹುಕಾಲ ಆಮದನ್ನೇ ನೆಚ್ಚಿಕೊಂಡಿದೆ. ಫೋರ್ಜಿಂಗ್, ಹೀಟ್ ಟ್ರೀಟ್‌ಮೆಂಟ್ ಬಲ್ಲ ಊರಿಗೆ ಮಂಜುಗೊಡಲಿ, ಐಸ್ ಸ್ಕ್ರೂಗಳ ಮಾರುಕಟ್ಟೆ ಕಣ್ಣಿಗೆ ಬೀಳದಿರುವುದು ಸೋಜಿಗ. ಮಂಜು ಬೀಳದ ಊರು ಮಂಜು ಹತ್ತುವ ಸಾಮಾನು ಮಾಡಬಾರದೆಂದೇನೂ ಇಲ್ಲವಲ್ಲ.

ಕಲಿಸುವವರಿಗೂ ಇಲ್ಲಿ ಕೊರತೆಯಿಲ್ಲ. ಮರಾಠಾ ಲಘು ಪದಾತಿದಳದ ಕೇಂದ್ರ ಬೆಳಗಾವಿಯಲ್ಲಿದೆ. ಸೇನೆಯ ಕಮಾಂಡೊ ತರಬೇತಿಗೆ ಈ ಊರು ಹೆಸರುವಾಸಿ. ಹಿಮಾಲಯವನ್ನೇ ಕಾಯುವ ಇಂಡೊ-ಟಿಬೆಟನ್ ಗಡಿ ಪೊಲೀಸ್ ಪಡೆಯ ತರಬೇತಿ ಶಾಲೆ ಹತ್ತಿರದ ಹಾಲಭಾವಿಯಲ್ಲಿದೆ. ಹಗ್ಗ ಕಟ್ಟುವುದು, ಇಳಿಸುವುದು ಕೈಗೆ ಹತ್ತಿದ ನಿವೃತ್ತ ಸುಬೇದಾರರು, ಹವಾಲ್ದಾರರು ಇಲ್ಲೇ ಮನೆ ಮಾಡಿಕೊಂಡಿದ್ದಾರೆ. ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಲ್ಲುವುದಕ್ಕಿಂತ ಹುಡುಗರಿಗೆ ಗಂಟು ಹಾಕುವುದನ್ನು ಕಲಿಸುವುದು ಅವರಿಗೂ ಹಿಡಿಸೀತು. ಚಿತ್ರದುರ್ಗದ ಕೋಟೆಗೋಡೆಯನ್ನು ಬರಿಗೈಲಿ ಏರುವ ಜ್ಯೋತಿರಾಜ್ ಅವರಿಗೆ ನಾವು ಚಪ್ಪಾಳೆ ಹೊಡೆದಿದ್ದೇವೆ. ಹೊಡೆಯೋಣ, ಅದು ಅವರ ಅಸಾಮಾನ್ಯ ಪ್ರತಿಭೆ. ಊರಿನ ಮಕ್ಕಳಿಗೆ ಮಾತ್ರ ಮೊದಲು ಕಲಿಸಬೇಕಾದದ್ದು ಹಗ್ಗ.

ಆಟದ ಭವಿಷ್ಯವೂ ಇದೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಹತ್ತುವ ಕ್ರೀಡೆ ಮೊದಲ ಬಾರಿ ಸೇರಿತು; 2024ರ ಪ್ಯಾರಿಸ್‌ನಲ್ಲಿ ವೇಗದ ಹತ್ತುವಿಕೆಗೆ ಪ್ರತ್ಯೇಕ ಪದಕ ಕೊಟ್ಟರು. ಅದರ ಗೋಡೆ 15 ಮೀಟರ್, ಐದು ಡಿಗ್ರಿ ಮುಂದಕ್ಕೆ ಬಾಗಿದ್ದು. ಹಿಡಿಕೆಗಳ ಜಾಗ ಜಗತ್ತಿನಾದ್ಯಂತ ಒಂದೇ. ಅಂದರೆ ಪ್ಯಾರಿಸ್‌ನಲ್ಲಿ ಹತ್ತಿದ ದಾರಿಯನ್ನೇ ಉದ್ಯಮಬಾಗದ ಹುಡುಗಿಯೂ ಹತ್ತಬಹುದು. ಪ್ಯಾರಿಸ್‌ನಲ್ಲಿ ಅಮೆರಿಕದ ಸ್ಯಾಮ್ ವಾಟ್ಸನ್ ಅದನ್ನು 4.74 ಸೆಕೆಂಡುಗಳಲ್ಲಿ ಮುಗಿಸಿದರು.

‘ಮೊದಲು ಉದ್ಯಮಬಾಗದ ರಸ್ತೆ ಸರಿಮಾಡಲಿ’ ಎನ್ನುವವರ ಮಾತನ್ನು ತಳ್ಳಿಹಾಕುವಂತಿಲ್ಲ. ಮಳೆಗಾಲದಲ್ಲಿ ಲಾರಿಗಳು ಹೊಂಡಗಳಲ್ಲಿ ಈಜುವ ಊರಿಗೆ ಆಟದ ಗೋಡೆ ಶೋಕಿಯಂತೆ ಕಾಣುತ್ತದೆ. ಆದರೆ ರಸ್ತೆಯ ದುಡ್ಡಿಗೂ ಇದಕ್ಕೂ ಸಂಬಂಧ ಬೇಕಾಗಿಲ್ಲ. ಸರ್ಕಾರ ಕಟ್ಟಿ, ಉದ್ಘಾಟಿಸಿ, ಬೀಗ ಹಾಕಿ ಬಿಟ್ಟ ಜಿಮ್ಮುಗಳನ್ನು ಎಲ್ಲರೂ ನೋಡಿದ್ದಾರೆ; ಈ ಗೋಡೆಗೆ ಆ ಗತಿ ಬೇಡ. ಕೈಗಾರಿಕಾ ವಸಾಹತಿನಲ್ಲಿ ಒಂದು ಖಾಲಿ ಶೆಡ್ಡನ್ನು ನೆಪಮಾತ್ರದ ಬಾಡಿಗೆಗೆ ಕೊಡಲಿ. ಕಬ್ಬಿಣ ಮತ್ತು ಎರಕದ ಕೆಲಸ ಕಾರ್ಖಾನೆಗಳವರದು. ನಡೆಸುವುದು ಕಾಲೇಜು, ನಿವೃತ್ತ ಸೈನಿಕರು, ಕಾರ್ಖಾನೆ ಮಾಲೀಕರು ಸೇರಿದ ಒಂದು ಟ್ರಸ್ಟು. ಪಾಳಿ ಮುಗಿಸಿ ಬರುವ ಕೆಲಸಗಾರನಿಗಾಗಿ ಸಂಜೆ ಬಾಗಿಲು ತೆರೆದಿರಬೇಕು, ಅವನಿಗೆ ಫೀ ಇರಬಾರದು.

ಶೆಡ್ಡೇ ಬೇಕೆನ್ನುವುದಕ್ಕೆ ಕಾರಣ ಮಳೆ. ಜನ ಖಾನಾಪುರದ ಕಾಡಿಗೆ ನುಗ್ಗುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆ ನಾಲ್ಕು ತಿಂಗಳು ಒದ್ದೆಯಾಗಿ ಮುಚ್ಚಿಕೊಳ್ಳುವ ಗೋಡೆಯಿಂದ ಉಪಯೋಗವಿಲ್ಲ. ಅರಣ್ಯ ಇಲಾಖೆ ಜಲಪಾತದ ದಾರಿಯಲ್ಲಿ ಹಾಕುವ ನಿಷೇಧದ ಫಲಕದ ಕೆಳಗೇ ಉದ್ಯಮಬಾಗದ ಈ ಶೆಡ್ಡಿನ ವಿಳಾಸ, ಸಮಯ ಬರೆಯಬಹುದು.