ಅಳೆಯುವ ಕೈ ಯಾರದು?

ರಾಗಿ ಬೆಳೆದ ರೈತನು ಪೇಟೆಯ ಧಾರಣೆ ಕುಸಿದಾಗ ಅದನ್ನು ಕಣಜದಲ್ಲಿ ತುಂಬಿ ಒಂದೆರಡು ತಿಂಗಳು ಕಾಯಬಲ್ಲನು. ಹಾಲು ಕರೆಯುವ ತಾಯಿಗೆ ಆ ಅನುಕೂಲವಿಲ್ಲ. ಕೆಚ್ಚಲಿನಿಂದ ಬಂದ ಹಾಲು ಕೆಲವೇ ಗಂಟೆಗಳಲ್ಲಿ ಕೆಡತೊಡಗುತ್ತದೆ. ಆದುದರಿಂದ ಕೊಳ್ಳುವವನು ಒಬ್ಬನೇ ಆದಲ್ಲಿ ಅವನು ಹೇಳಿದ್ದೇ ಬೆಲೆ, ಅವನು ಅಳೆದದ್ದೇ ಅಳತೆ. ಹೈನೋದ್ಯಮದ ವ್ಯವಸ್ಥೆಯನ್ನು ಕುರಿತು ವಿಚಾರ ಮಾಡುವವರು ಮೊದಲು ಈ ಇಕ್ಕಟ್ಟನ್ನು ಮನಗಾಣಬೇಕು.

ಇಂದು ಎಲ್ಲ ಉದ್ಯಮಗಳಲ್ಲಿಯೂ ಹೊರಗುತ್ತಿಗೆಯ ಮಾತು ಕೇಳಿಬರುತ್ತಿದೆ. ಕೆಲಸದ ಒಂದು ಭಾಗವನ್ನು ಹೊರಗಿನವರಿಗೆ ವಹಿಸಿದರೆ ವೆಚ್ಚ ತಗ್ಗುವುದು, ಕಾರ್ಯ ಚುರುಕಾಗುವುದು ಎಂಬುದು ಅದರ ತರ್ಕ. ಆ ತರ್ಕ ಸುಳ್ಳಲ್ಲ. ಆದರೆ ಯಾವುದನ್ನು ವಹಿಸಬಹುದು, ಯಾವುದನ್ನು ವಹಿಸಬಾರದು ಎಂಬ ವಿವೇಕ ಅದರೊಡನೆ ಇರಬೇಕು. ಹಾಲಿನ ಚರಿತ್ರೆಯಲ್ಲಿ ಇದಕ್ಕೆ ಒಳ್ಳೆಯ ನಿದರ್ಶನವಿದೆ.

1945ರಲ್ಲಿ ಮುಂಬಯಿ ಸರ್ಕಾರವು ನಗರಕ್ಕೆ ಹಾಲು ಒದಗಿಸುವ ಯೋಜನೆಯೊಂದನ್ನು ಹಮ್ಮಿಕೊಂಡು, ಗುಜರಾತಿನ ಖೇಡಾ ಜಿಲ್ಲೆಯಿಂದ ಹಾಲು ತರಿಸುವ ಹೊಣೆಯನ್ನು ಆಣಂದದ ಪೋಲ್ಸನ್ ಡೈರಿಗೆ ವಹಿಸಿತು. ಹಳ್ಳಿಗಳಲ್ಲಿ ಹಾಲು ಕೊಳ್ಳುವ ಕೆಲಸ ಗುತ್ತಿಗೆದಾರರ ಪಾಲಾಯಿತು. ಹಾಲು ನಗರವನ್ನು ಸೇರುತ್ತಿತ್ತು. ಲಾಭ ನಡುವಿನವರಲ್ಲಿಯೇ ನಿಲ್ಲುತ್ತಿತ್ತು. ನೊಂದ ರೈತರು ಸರ್ದಾರ್ ವಲ್ಲಭಭಾಯಿ ಪಟೇಲರ ಬಳಿಗೆ ಹೋದರು. ನಿಮ್ಮ ಹಾಲನ್ನು ನೀವೇ ಸಂಘಟಿತರಾಗಿ ಮಾರಿರಿ ಎಂಬುದು ಅವರ ಸಲಹೆಯ ಸಾರವಾಗಿತ್ತು. 1946ರ ಜನವರಿಯಲ್ಲಿ ಸಮರ್ಖಾ ಗ್ರಾಮದಲ್ಲಿ ಮೊರಾರ್ಜಿ ದೇಸಾಯಿಯವರ ಸಮ್ಮುಖದಲ್ಲಿ ಸಭೆ ಸೇರಿದ ರೈತರು ಗುತ್ತಿಗೆದಾರರಿಗೆ ಹಾಲು ಹಾಕುವುದಿಲ್ಲವೆಂದು ನಿಶ್ಚಯಿಸಿದರು. ಅದೇ ವರ್ಷ ಡಿಸೆಂಬರ್ 14ರಂದು ಅವರ ಸಹಕಾರಿ ಒಕ್ಕೂಟ ನೋಂದಣಿಯಾಯಿತು. ತ್ರಿಭುವನದಾಸ ಪಟೇಲರ ನೇತೃತ್ವ ಅದಕ್ಕೆ ದೊರೆಯಿತು. 1949ರಲ್ಲಿ ಆಣಂದಕ್ಕೆ ಬಂದ ವರ್ಗೀಸ್ ಕುರಿಯನ್ನರ ದಕ್ಷತೆಯೂ ಕೂಡಿತು. ಮುಂದೆ ಅಮುಲ್ ಎಂದು ಖ್ಯಾತವಾದದ್ದು ಇದೇ ಸಂಸ್ಥೆ.

ಆ ಒಕ್ಕೂಟದ ಬಲವಿದ್ದುದು ಊರಿನ ಸಂಘದಲ್ಲಿ. ಪ್ರತಿದಿನ ಎರಡು ಹೊತ್ತು ಉತ್ಪಾದಕರ ಎದುರಿನಲ್ಲಿಯೇ ಹಾಲನ್ನು ಅಳೆದು, ಜಿಡ್ಡಿನಂಶವನ್ನು ಪರೀಕ್ಷಿಸಿ, ಅದಕ್ಕೆ ತಕ್ಕ ಹಣವನ್ನು ಕೊಡುವ ಪದ್ಧತಿ ನೆಲೆಗೊಂಡಿತು. ಚಳಿಗಾಲದಲ್ಲಿ ಹಾಲು ಹೆಚ್ಚಾದಾಗ ರೈತನನ್ನು ಹಿಂದಿರುಗಿಸಬಾರದೆಂದು 1955ರಲ್ಲಿ ಎಮ್ಮೆಯ ಹಾಲಿನಿಂದ ಪುಡಿ ತಯಾರಿಸುವ ಕಾರ್ಖಾನೆಯನ್ನೂ ಒಕ್ಕೂಟ ಸ್ಥಾಪಿಸಿತು.

ಈ ಮಾದರಿಯೇ ನಮ್ಮ ನಾಡಿಗೂ ಬಂದಿತು. 1974ರಲ್ಲಿ ಕರ್ನಾಟಕ ಹೈನು ಅಭಿವೃದ್ಧಿ ನಿಗಮ ಆರಂಭವಾಗಿ, 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳಿ ಆಯಿತು. ಊರಿನ ಸಂಘದಿಂದ ಶೀತಲೀಕರಣ ಘಟಕಕ್ಕೆ, ಅಲ್ಲಿಂದ ಟ್ಯಾಂಕರಿನಲ್ಲಿ ಡೈರಿಗೆ ಹಾಲು ಸಾಗುತ್ತದೆ. ಡೈರಿಯಲ್ಲಿ ಅದನ್ನು 72 ಡಿಗ್ರಿ ಉಷ್ಣತೆಯಲ್ಲಿ 15 ಸೆಕೆಂಡು ಕಾಯಿಸಿ, ಒಡನೆಯೇ 4 ಡಿಗ್ರಿಗೆ ತಣಿಸಿ, ಪ್ಯಾಕೆಟ್ಟಿಗೆ ತುಂಬುತ್ತಾರೆ. ಬೆಳಕು ಹರಿಯುವ ಮುನ್ನ ನಂದಿನಿ ಹಾಲು ನಗರದ ಮನೆಬಾಗಿಲಲ್ಲಿರುತ್ತದೆ. ಈ ಸರಪಣಿಯಲ್ಲಿ ಟ್ಯಾಂಕರುಗಳ ಮಾಲೀಕರು, ಮಾರಾಟದ ಏಜೆಂಟರು ಮೊದಲಾದ ಹೊರಗಿನವರೂ ದುಡಿಯುತ್ತಾರೆ. ಅದು ದೋಷವಲ್ಲ, ಪ್ರತಿಯೊಂದು ಗಾಡಿಯನ್ನೂ ಒಕ್ಕೂಟವೇ ಕೊಳ್ಳಬೇಕಾಗಿಲ್ಲ.

ದೋಷ ತಲೆದೋರುವುದು ಕಾವಲು ಸಡಿಲವಾದಾಗ. 2021ರಲ್ಲಿ ಮಂಡ್ಯ ಜಿಲ್ಲಾ ಹಾಲು ಒಕ್ಕೂಟಕ್ಕೆ ಹಾಲು ಸಾಗಿಸುತ್ತಿದ್ದ ಟ್ಯಾಂಕರುಗಳಲ್ಲಿ ನೀರು ಬೆರೆಸಿದ ಪ್ರಕರಣ ಬೆಳಕಿಗೆ ಬಂದು ತನಿಖೆಗೆ ಒಳಗಾಯಿತು. ಬೆಳಗಿನ ಜಾವ ಎದ್ದು, ಕೆಚ್ಚಲು ತೊಳೆದು, ಶುದ್ಧವಾದ ಹಾಲನ್ನು ಸಂಘಕ್ಕೆ ಹಾಕಿದ ಸಹಸ್ರಾರು ಕುಟುಂಬಗಳ ಶ್ರಮಕ್ಕೆ ಇಂಥ ಕೃತ್ಯ ಮಸಿ ಬಳಿಯುತ್ತದೆ. ಸಾಗಿಸುವ ಕೈ ಪರರದಾಗಬಹುದು. ಅಳೆಯುವ ಕೈಯೂ ಪರೀಕ್ಷಿಸುವ ಕಣ್ಣೂ ಹಾಲಿನ ಒಡೆಯರದೇ ಆಗಿರಬೇಕು. ಗಾಡಿ ಹೊರಡುವಲ್ಲಿ ಒಮ್ಮೆ, ತಲುಪುವಲ್ಲಿ ಒಮ್ಮೆ ಪರೀಕ್ಷೆ ನಡೆದು ಎರಡೂ ಲೆಕ್ಕ ತಾಳೆಯಾಗಬೇಕು. ಈ ಪರೀಕ್ಷೆಗೆ ತಗಲುವ ವೆಚ್ಚವನ್ನು ಉಳಿಸುವುದು ದಕ್ಷತೆಯಲ್ಲ.

ಹೈನುಗಾರಿಕೆಯನ್ನು ನಂಬಿದ ಬಂಧುಗಳಲ್ಲಿ ಒಂದು ವಿನಂತಿ. ಸಂಘದಲ್ಲಿ ಹಾಲು ಹಾಕಿದಾಗ ಅಳತೆಯನ್ನೂ ಜಿಡ್ಡಿನಂಶವನ್ನೂ ಕಣ್ಣಾರೆ ಕಂಡು, ಚೀಟಿಯನ್ನು ಪಡೆದು, ಬಟವಾಡೆಯ ದಿನ ಲೆಕ್ಕ ನೋಡಿರಿ. ಹಸುವಿನ ಆರೈಕೆಯ ಬಹುಪಾಲು ಹೊರುವವರು ಮನೆಯ ಹೆಣ್ಣುಮಕ್ಕಳು. ಸದಸ್ಯತ್ವ ಅವರ ಹೆಸರಿನಲ್ಲಿಯೂ ಇರಲಿ, ವಾರ್ಷಿಕ ಮಹಾಸಭೆಗೆ ಅವರೂ ಹೋಗಲಿ. ಅಲ್ಲಿ ಊಟ ಮುಗಿಸಿ ಮರಳುವ ಮುನ್ನ ಎರಡು ಪ್ರಶ್ನೆಗಳನ್ನು ಕೇಳಿರಿ: ನಮ್ಮೂರಿನ ಹಾಲನ್ನು ಒಯ್ಯುವವರು ಯಾರು? ಡೈರಿಯ ಬಾಗಿಲಲ್ಲಿ ಅದನ್ನು ಅಳೆಯುವವರು ಯಾರು? ಉತ್ತರ ಕೊಡುವುದು ಆಡಳಿತ ಮಂಡಳಿಯ ಕರ್ತವ್ಯ. ಕೇಳುವುದು ಸದಸ್ಯರ ಕರ್ತವ್ಯ.